ಖಾನಾವಳಿಯಲ್ಲಿ ಹಾಲು ಉಕ್ಕಿದ್ದು ಯಾಕೆ? ದಾವಣಗೆರೆಯ ಒಂದು ಪ್ರಕರಣ

ಈ ಪ್ರಕರಣ ದಾವಣಗೆರೆಯದು, ಖಾನಾವಳಿ ನಡೆಸುವ ಒಬ್ಬ ಹೆಂಗಸಿನ ಮರೆವನ್ನು ಒಂದು ಆಟದಿಂದ ಅಳೆದು ನೋಡಿದ್ದು. ನಾನು ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಇದನ್ನು ಬರೆಯಲು ಅವರೂ ಅವರ ಮನೆಯವರೂ ಒಪ್ಪಿದ್ದಾರೆ. ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಕೋಣೆಯಲ್ಲಿ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಅಮ್ಮನಿಗೆ 63 ವರ್ಷ. 7ನೇ ತರಗತಿವರೆಗೆ ಓದಿದ್ದಾರೆ. ಗಂಡನ ಜೊತೆ ಸೇರಿ 30 ವರ್ಷ ಖಾನಾವಳಿ ನಡೆಸಿದವರು. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ಹಮಾಲರು, ಲಾರಿಯವರು, ದಲ್ಲಾಲಿ ಅಂಗಡಿಯವರು ಎಲ್ಲರೂ ಒಂದೇ ಹೊತ್ತಿಗೆ ಬಂದು ಕೂರುತ್ತಿದ್ದರು. ಯಾರಿಗೆ ಎಷ್ಟು ರೊಟ್ಟಿ ಹೋಯ್ತು, ಯಾರದು ಉದ್ರಿ, ಯಾರು ತಿಂಗಳ ಊಟದವರು, ಇದೆಲ್ಲ ಅಮ್ಮನ ತಲೆಯಲ್ಲೇ ಇರುತ್ತಿತ್ತು. ಪುಸ್ತಕ ಅಂತ ಇದ್ದದ್ದು ಗಂಡನ ಸಮಾಧಾನಕ್ಕೆ. ಗಂಡ ತೀರಿಕೊಂಡ ಮೇಲೆ ಮಗ ಸೊಸೆ ಜೊತೆಗೆ ನಿಂತರು. ಗಲ್ಲಾ, ಫೋನು, ಒಲೆ ಮೂರರ ಮೇಲೂ ಅಮ್ಮನ ಕಣ್ಣು ಹಾಗೇ ಮುಂದುವರಿಯಿತು.

ತೊಂದರೆ ಶುರುವಾಗಿ ವರ್ಷದ ಮೇಲಾಗಿತ್ತು. ಹಾಲು ಉಕ್ಕುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ತಿಂಗಳ ಊಟದ ಹುಡುಗರ ಹತ್ತಿರ ಒಂದೇ ತಿಂಗಳಿಗೆ ಎರಡು ಸಲ ದುಡ್ಡು ಕೇಳಿದ್ದರು. ಪಾರ್ಸೆಲ್ ಆರ್ಡರ್ ಫೋನಿನಲ್ಲಿ ತೆಗೆದುಕೊಂಡು ಒಳಗೆ ಹೇಳುವುದನ್ನೇ ಬಿಟ್ಟಿದ್ದರು. ಒಂದು ಸಂಜೆ ಗ್ಯಾಸ್ ಸಣ್ಣಗೆ ಉರಿಯುತ್ತಲೇ ಇತ್ತು, ಬಾಗಿಲು ಹಾಕಿಕೊಂಡು ಎಲ್ಲರೂ ಮನೆಗೆ ಬಂದಿದ್ದರು.

ಮನೆಯಲ್ಲಿ ಇದಕ್ಕೆ ಮೂರು ಅರ್ಥ ಇತ್ತು. ಮಗನ ಪ್ರಕಾರ ವಯಸ್ಸು. ಸೊಸೆಯ ಪ್ರಕಾರ ಇದು ಬೇಕಂತಲೇ ಮಾಡುವುದು. "ಹತ್ತು ವರ್ಷದ ಹಿಂದಿನ ಜಗಳ ಅಕ್ಷರ ತಪ್ಪದೆ ನೆನಪಿರ್ತದೆ, ಒಲಿ ಮೇಲಿನ ಹಾಲು ನೆನಪಿರಲ್ಲ ಅಂದ್ರೆ ಹೆಂಗ್ರೀ ಮೇಡಂ?" ಅಂತ ಆಕೆ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಅಮ್ಮನ ಮಾತು ಇನ್ನೊಂದು: "ನಂಗೇನೂ ಆಗಿಲ್ಲವ್ವ. ಇವ್ರು ಮಾತಾಡಿ ಮಾತಾಡಿ ತೆಲಿ ಕೆಡಿಸ್ತಾರ."

ನಮ್ಮ ಹತ್ತಿರ ಬರುವ ಮೊದಲು ಒಂದು ಕಡೆ ತೋರಿಸಿದ್ದರು. ಅಲ್ಲಿ ಎಂಎಂಎಸ್‌ಇ ಮಾಡಿದ್ದರು. 1975ರಲ್ಲಿ ಬಂದ, ಇವತ್ತಿಗೂ ಎಲ್ಲೆಡೆ ಬಳಕೆಯಲ್ಲಿರುವ, ನೆನಪು, ಗಮನ ನೋಡುವ 30 ಅಂಕದ ಪರೀಕ್ಷೆ ಅದು. ಇವತ್ತು ಯಾವ ವಾರ, ಈಗ ಎಲ್ಲಿದ್ದೀರಿ, ಮೂರು ಪದ ನೆನಪಿಟ್ಟುಕೊಳ್ಳಿ, 100ರಿಂದ 7 ಕಳೆಯುತ್ತಾ ಹೋಗಿ, ಈ ಚಿತ್ರ ನೋಡಿ ಬರೆಯಿರಿ ಎಂಬಂಥ ಪ್ರಶ್ನೆಗಳು. ಅಮ್ಮನಿಗೆ 27 ಬಂದಿತ್ತು. 100ರಿಂದ 7 ಕಳೆಯುವುದನ್ನು ಒಂದೂ ತಪ್ಪಿಲ್ಲದೆ ಹೇಳಿದ್ದರು. 30 ವರ್ಷ ಗಲ್ಲಾದಲ್ಲಿ ಕೂತವರಿಗೆ ಅದು ಏನು ದೊಡ್ಡದು, ಅಲ್ವಾ? "ಏನೂ ಇಲ್ಲ, ಆರಾಮಾಗಿರಿ" ಅಂತ ಕಳಿಸಿದ್ದರು. ಆ ಚೀಟಿ ಮನೆಗೆ ಬಂದ ಮೇಲೆ ಜಗಳ ಜಾಸ್ತಿಯೇ ಆಯ್ತು. ಡಾಕ್ಟರೇ ಏನೂ ಇಲ್ಲ ಅಂದ ಮೇಲೆ ಬೇಕಂತಲೇ ಮಾಡುತ್ತಿದ್ದಾರೆ ಅಂತಲ್ಲವಾ ಅರ್ಥ?

ನಾವು ಕನ್ನಡದಲ್ಲೇ ಇರುವ ಇನ್ನಷ್ಟು ಕಾಗದದ ಪರೀಕ್ಷೆಗಳನ್ನು ಮಾಡಿದೆವು. ಕತೆ ಕೇಳಿ ಅರ್ಧ ಗಂಟೆಯ ಮೇಲೆ ಹೇಳುವುದರಲ್ಲಿ ಅಮ್ಮ ಚೆನ್ನಾಗಿದ್ದರು. ಹೆಸರು, ಮುಖ, ದಾರಿ ಎಲ್ಲ ಸರಿ. ಎರಡು ಕೆಲಸ ಬದಲಿಸುತ್ತಾ ಮಾಡುವ ಪರೀಕ್ಷೆಯಲ್ಲಿ ಸ್ವಲ್ಪ ನಿಧಾನ. ಅದೊಂದರಿಂದ ಏನೂ ಹೇಳಲು ಬರುತ್ತಿರಲಿಲ್ಲ.

ಇಂಥ ಪರೀಕ್ಷೆಗಳ ಕಷ್ಟ ನಮ್ಮ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ಕೋಣೆಯಲ್ಲಿ ಶಾಂತವಾಗಿರುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಮುಂದೆ ಏನು ಮಾಡಬೇಕು ಅಂತ ನಾವೇ ಹೇಳುತ್ತೇವೆ. ಖಾನಾವಳಿಯಲ್ಲಿ ಮಧ್ಯಾಹ್ನ ಒಂದೂವರೆಗೆ ಯಾರೂ ಹಾಗೆ ಹೇಳಿಕೊಡುವುದಿಲ್ಲ. 1991ರಲ್ಲಿ ಬ್ರಿಟನ್ನಿನ ಶಾಲಿಸ್ ಮತ್ತು ಬರ್ಜೆಸ್ ಇದನ್ನೇ ತೋರಿಸಿದ್ದರು. ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದ ಮೂವರು ಕಾಗದದ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಸರಿ ಇದ್ದರು. ಪೇಟೆಗೆ ಕಳಿಸಿ ನಾಲ್ಕಾರು ಸಣ್ಣ ಕೆಲಸ ಮಾಡಿಕೊಂಡು ಬನ್ನಿ ಅಂದಾಗ ಎಡವಿದರು. ಆ ಪೇಟೆಯನ್ನೇ ಪರದೆ ಮೇಲೆ ತಂದರೆ ಹೇಗೆ ಅನ್ನುವುದು ಈಗಿನ ಸೀರಿಯಸ್ ಗೇಮ್‌ಗಳ ಒಂದು ದಾರಿ. ನೋಡಲು ಆಟ, ಒಳಗೆ ಅಳತೆ. ಗ್ರೀಸ್‌ನಲ್ಲಿ ಮಾಡಿದ ವರ್ಚುವಲ್ ಸೂಪರ್‌ಮಾರ್ಕೆಟ್ ಅಂಥದ್ದು. ಟ್ಯಾಬ್ಲೆಟ್ ಮೇಲೆ ಪಟ್ಟಿ ನೋಡಿ ಸಾಮಾನು ತೆಗೆದುಕೊಂಡು ದುಡ್ಡು ಕೊಡಬೇಕು. ಎಲ್ಲಿ ತಡವಾಯ್ತು, ಏನು ಬಿಟ್ಟುಹೋಯ್ತು ಎಲ್ಲ ದಾಖಲಾಗುತ್ತದೆ.

ಮೊದಲ ಪ್ರಯತ್ನ

ಅದೇ ಬಗೆಯ ಒಂದು ಇಂಗ್ಲಿಷ್ ಆಟ ನಮ್ಮ ಹತ್ತಿರ ಇತ್ತು. ಅಮ್ಮನಿಗೆ ಅದನ್ನೇ ಕೊಟ್ಟೆ. ಇಲ್ಲಿ ನಾನು ಎರಡು ತಪ್ಪು ಮಾಡಿದೆ.

ಒಂದು, ಆ ಆಟ. ಪರದೆ ಮೇಲೆ ಟ್ರಾಲಿ, ಸಾಲು ಸಾಲು ಕಪಾಟು, ಮೇಲೆ ಇಂಗ್ಲಿಷ್ ಬೋರ್ಡು. ಅಮ್ಮ ಸಾಮಾನು ತರುವುದು ಮಂಡಿಪೇಟೆಯಿಂದ. ಅಂಗಡಿ ಮುಂದೆ ನಿಂತು ಹೇಳುತ್ತಾರೆ, ಹುಡುಗ ಕಟ್ಟಿ ಕೊಡುತ್ತಾನೆ. ಟ್ರಾಲಿ ತಳ್ಳಿದವರೇ ಅಲ್ಲ. ಟ್ಯಾಬ್ಲೆಟ್ ಮೇಲೆ ಬೆರಳು ಎಳೆಯಬೇಕಾದ ಕಡೆ ಒತ್ತಿ ಹಿಡಿಯುತ್ತಿದ್ದರು. 20 ನಿಮಿಷವಾದರೂ ಮೊದಲ ಸಾಲು ದಾಟಲಿಲ್ಲ. ಆಟ ಕೊಟ್ಟ ಫಲಿತಾಂಶ ನೋಡಿದರೆ ಮರೆವಿನ ಕಾಯಿಲೆ ಬಹಳ ಮುಂದುವರಿದಿದೆ ಅನ್ನಬೇಕು. ಅದನ್ನು ವರದಿಯಲ್ಲಿ ಬರೆಯಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ಸರಿಯಾದ ನಿರ್ಧಾರ ಅದು.

ಇನ್ನೊಂದು ತಪ್ಪು ನನ್ನ ಮಾತಿನದು. ಭಯ ಪಡಬಾರದು ಅಂತ "ಸುಮ್ನೆ ಒಂದು ಆಟ ಅಮ್ಮ, ಆಡಿ" ಅಂದಿದ್ದೆ. ಆಡುತ್ತಿರುವಾಗ ನಾನು ಬರೆದುಕೊಳ್ಳುವುದನ್ನು ಅವರು ನೋಡಿದರು. ಟ್ಯಾಬ್ಲೆಟ್ ಕೆಳಗಿಟ್ಟು ಕೇಳಿದರು: "ಇದು ಆಟಾನೋ, ಪರೀಕ್ಷೆನೋ? ಖರೇ ಹೇಳ್ರಿ." ಪರೀಕ್ಷೆ ಅಂದೆ. ಅವತ್ತು ಅವರು ಮತ್ತೆ ಮುಟ್ಟಲಿಲ್ಲ. ಮುಂದಿನ ಸಲ ಕ್ಷಮೆ ಕೇಳಿದೆ. ಏನು ಅಳೆಯುತ್ತೇವೆ, ಯಾಕೆ, ಯಾರಿಗೆ ತೋರಿಸುತ್ತೇವೆ ಎಲ್ಲ ಹೇಳಿದೆ. ಒಪ್ಪಿದರು. ಆಮೇಲೆ ಬಂದವರ್‍ಯಾರಿಗೂ ನಾನು "ಸುಮ್ನೆ ಆಟ" ಅಂದಿಲ್ಲ. ಆಟದ ರೂಪದಲ್ಲಿ ಇದ್ದ ಮಾತ್ರಕ್ಕೆ ಒಪ್ಪಿಗೆ ಹಗುರಾಗುವುದಿಲ್ಲ.

ಖಾನಾವಳಿ ಆಟ

ಸೊಸೆಯ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತ್ತು. ಹಾಲು ಮರೆಯುತ್ತದೆ, ಜಗಳ ಮರೆಯುವುದಿಲ್ಲ. ಇದಕ್ಕೆ ಉತ್ತರ ಬೇಕಾದರೆ ಹಾಲು ಉಕ್ಕುವ ಹೊತ್ತನ್ನೇ ನೋಡಬೇಕು. ಒಂದು ಮಧ್ಯಾಹ್ನ ಅವರ ಖಾನಾವಳಿಯ ಮೂಲೆಯಲ್ಲಿ 12:30ರಿಂದ 2:30ರ ತನಕ ಕೂತೆ. ಕಂಡದ್ದನ್ನೆಲ್ಲ ಬರೆದುಕೊಂಡೆ. ಇಡೀ ಪ್ರಕರಣದಲ್ಲಿ ಅಷ್ಟು ಉಪಯೋಗಕ್ಕೆ ಬಂದ ಎರಡು ಗಂಟೆ ಬೇರೆ ಇಲ್ಲ.

ಊರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಆ ಟಿಪ್ಪಣಿಯಿಂದ ಒಂದು ಸಣ್ಣ ಆಟ ಮಾಡಿಕೊಟ್ಟ. ಪರದೆ ಮೇಲೆ ಮೂರು ಟೇಬಲ್, ಎರಡು ಒಲೆ, ಒಂದು ಗಲ್ಲಾ, ಒಂದು ಫೋನು. ಮಾತೆಲ್ಲ ನಮ್ಮ ಕಡೆಯ ಕನ್ನಡದಲ್ಲಿ, ಧ್ವನಿಯಲ್ಲಿ. "ಅಕ್ಕಾರ, ಎರಡು ರೊಟ್ಟಿ ಒಂದು ಪಲ್ಯ" ಅಂತ ಗಿರಾಕಿ ಕೂಗುತ್ತಾನೆ. ಅಮ್ಮ ತಟ್ಟೆಗೆ ಹಾಕಬೇಕು. ಮೊದಲ ಹಂತದಲ್ಲಿ ಒಂದೇ ಟೇಬಲ್. ಎರಡನೆಯದರಲ್ಲಿ ಮೂರು. ಮೂರನೆಯದರಲ್ಲಿ ಒಲೆ ಮೇಲೆ ಹಾಲು ಇರುತ್ತದೆ, ಮಧ್ಯೆ ಆರು ಸಲ ಕೆಲಸ ತಪ್ಪಿಸುವ ಸಂಗತಿ ಬರುತ್ತದೆ. ಫೋನು, ಚಿಲ್ಲರೆ ಕೇಳುವವನು, ಪಾರ್ಸೆಲ್. ಪ್ರತಿ ಬೆರಳು ತಾಗಿದ್ದು, ಬೆರಳು ನಿಂತದ್ದು ಎಲ್ಲ ಸೆಕೆಂಡಿನ ಲೆಕ್ಕದಲ್ಲಿ ದಾಖಲು.

ಇದಕ್ಕೂ ಮೊದಲು ಇನ್ನೊಂದು ಸೇರಿಸಿದೆವು: ಬಲೂನು ಒಡೆಯುವ, ಸೌತೆಕಾಯಿ ಎಳೆದು ಬುಟ್ಟಿಗೆ ಹಾಕುವ ಸಣ್ಣ ಹಂತ. ಅದರಲ್ಲಿ ತಲೆಯ ಕೆಲಸ ಏನೂ ಇಲ್ಲ, ಬೆರಳಿನ ಅಭ್ಯಾಸ ಅಷ್ಟೇ. ಈ ಉಪಾಯ ನಮ್ಮದಲ್ಲ. 2016ರಲ್ಲಿ ಸೀ ಹೀರೋ ಕ್ವೆಸ್ಟ್ ಅನ್ನುವ ಮೊಬೈಲ್ ಆಟ ಬಂತು. ದೋಣಿ ನಡೆಸುತ್ತಾ ದಿಕ್ಕು ಹಿಡಿಯುವ ಆಟ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರೂ ಸೇರಿ ರೂಪಿಸಿದ್ದು, 40 ಲಕ್ಷಕ್ಕೂ ಜಾಸ್ತಿ ಜನ ಆಡಿದ್ದಾರೆ. ದಾರಿ ತಪ್ಪುವುದು ಮರೆವಿನ ಕಾಯಿಲೆ ಆಲ್ಜೈಮರ್ಸ್‌ನ ಮೊದಮೊದಲ ಲಕ್ಷಣಗಳಲ್ಲಿ ಒಂದು, ಹಾಗಾಗಿ ಆ ಆಟ. ಅದರ ಮೊದಲ ಹಂತಗಳ ಲೆಕ್ಕವನ್ನು ಅವರು ಆಟ ಆಡುವ ಕೈ ಎಷ್ಟು ಪಳಗಿದೆ ಅಂತ ತಿಳಿಯಲು ಬಳಸಿದರು. ಅದೇ ಆಟದಿಂದ 2022ರಲ್ಲಿ ಇನ್ನೊಂದು ವಿಷಯ ಹೊರಬಂತು. ನಗರದ ಹೊರಗೆ ಬೆಳೆದವರು ಸರಾಸರಿಯಲ್ಲಿ ದಾರಿ ಹುಡುಕುವುದರಲ್ಲಿ ಮುಂದಿದ್ದರು. ಬೆಳೆದ ಜಾಗದ ಗುರುತು ಅಂಕದಲ್ಲಿ ಇಷ್ಟು ಕಾಣುವುದಾದರೆ, ಟ್ರಾಲಿ ಕಾಣದವರನ್ನು ಟ್ರಾಲಿಯಿಂದ ಅಳೆಯುವುದು ನ್ಯಾಯವಲ್ಲ.

ಹೋಲಿಕೆಗೆ ಅಮ್ಮನ ವಯಸ್ಸಿನ, ಅಷ್ಟೇ ಓದಿದ, ಖಾನಾವಳಿ ಇಲ್ಲವೇ ಮೆಸ್ ನಡೆಸಿದ ನಾಲ್ವರು ಹೆಂಗಸರು ಆಡಿದರು. ನಾಲ್ವರು ಬಹಳ ಕಡಿಮೆ, ಒಪ್ಪುತ್ತೇನೆ. ಅವರ ಅಂಕದಿಂದ ಇಷ್ಟು ಬಂದರೆ ಸರಿ ಅಂತ ಗೆರೆ ಎಳೆಯಲು ಹೋಗಲಿಲ್ಲ. ಆಟವೇ ಎಲ್ಲರಿಗೂ ಕಷ್ಟವೋ, ಅಮ್ಮನಿಗೆ ಮಾತ್ರವೋ ಅಂತ ತಿಳಿದರೆ ಸಾಕಿತ್ತು.

ಏನು ಕಂಡಿತು

ಬೆರಳಿನ ಹಂತವನ್ನು ಅಮ್ಮ ಮೂರನೇ ಸಲಕ್ಕೆ ಸರಾಗವಾಗಿ ಮುಗಿಸಿದರು. ಒಂದು ಟೇಬಲ್: ಎಂಟಕ್ಕೆ ಎಂಟು ಸರಿ. ಮೂರು ಟೇಬಲ್: ನಿಧಾನ, ಆದರೆ 12ರಲ್ಲಿ 11 ಸರಿ. ನೆನಪು ಚೆನ್ನಾಗಿಯೇ ಇತ್ತು.

ಮೂರನೇ ಹಂತದಲ್ಲಿ ಚಿತ್ರ ಬದಲಾಯಿತು. ಫೋನು ಬಂತು, ಅಮ್ಮ ಮಾತಾಡಿದರು, ಆರ್ಡರ್ ಸರಿಯಾಗಿ ತೆಗೆದುಕೊಂಡರು. ಆಮೇಲೆ ಕೈಯಲ್ಲಿದ್ದ ಕೆಲಸಕ್ಕೆ ವಾಪಸ್ ಬರಲಿಲ್ಲ. ಆರರಲ್ಲಿ ಐದು ಸಲ ಹೀಗೇ. ಉಳಿದ ನಾಲ್ವರಲ್ಲಿ ಯಾರೂ ಎರಡಕ್ಕಿಂತ ಜಾಸ್ತಿ ಬಿಟ್ಟಿರಲಿಲ್ಲ. ನಾನು ಆಟ ನಿಲ್ಲಿಸಿ "ಒಲೆ ಮೇಲೆ ಏನಿತ್ತು ಅಮ್ಮ?" ಅಂದರೆ ತಕ್ಷಣ "ಅಯ್ಯ, ಹಾಲು! ಉಕ್ಕಿರ್ತದ ನೋಡ್ರಿ" ಅನ್ನುತ್ತಿದ್ದರು. ಹಾಲು ಇದೆ ಅನ್ನುವುದು ಅವರಿಗೆ ಗೊತ್ತು. ಸರಿಯಾದ ಹೊತ್ತಿಗೆ ಅದು ತಾನಾಗಿ ಎದ್ದು ಬರುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ತಪ್ಪು ಅಂಕದಲ್ಲಿ ಕಾಣುವಂಥದ್ದಲ್ಲ. ವಾಪಸ್ ಬಂದ ಸಲವೂ ಅಮ್ಮ ಕೆಲಸವನ್ನು ಬಿಟ್ಟಲ್ಲಿಂದ ಹಿಡಿಯಲಿಲ್ಲ, ಮೊದಲಿನಿಂದ ಶುರು ಮಾಡಿದರು. ತಟ್ಟೆಗೆ ಪಲ್ಯ ಎರಡು ಸಲ ಬಿತ್ತು. ಸಾರಿಗೆ ಎರಡು ಸಲ ಉಪ್ಪು, ಹುಡುಗರಿಗೆ ಎರಡು ಸಲ ಬಿಲ್ಲು, ಎಲ್ಲದರ ಬೇರು ಇದೇ ಅಂತ ಅವತ್ತು ಅನ್ನಿಸಿತು. ಆಟ ಕೊನೆಗೆ ಕೊಡುವ ಒಂದು ಸಂಖ್ಯೆಯನ್ನೇ ನೋಡಿ ಕೂತಿದ್ದರೆ ಇದು ಸಿಗುತ್ತಿರಲಿಲ್ಲ. ಆಡಿದ್ದನ್ನು ಮತ್ತೆ ಓಡಿಸಿ, ಬೆರಳಿನ ಜಾಡು ಹಿಡಿದು ನೋಡಬೇಕು. ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಮ್ಮನ ಒಪ್ಪಿಗೆ ಕೇಳಿ ಆ ಓಟವನ್ನು ಸೊಸೆಗೂ ತೋರಿಸಿದೆ. ಮೂರನೇ ಫೋನಿನ ಹೊತ್ತಿಗೆ ಆಕೆಯ ಮುಖ ಇಳಿಯಿತು. "ಅತ್ತೀಗೆ ಗೊತ್ತಾಗಾದೇ ಇಲ್ಲಲ್ರೀ" ಅಂದರು. ನಾನು ಎಷ್ಟು ವಿವರಿಸಿದ್ದರೂ ಆ ಮಾತು ಬರುತ್ತಿರಲಿಲ್ಲ. ಅವತ್ತಿನಿಂದ ಸೊಸೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದರು: ಏನು ತಪ್ಪಿತು, ಎಷ್ಟು ಹೊತ್ತಿಗೆ, ಮಧ್ಯೆ ಯಾರು ಕರೆದರು.

ನಾಲ್ಕು ಗಂಟೆಯ ಅಮ್ಮ

ಖಾನಾವಳಿ ಆಟಕ್ಕೆ ಮೊದಲ ಎರಡು ಸಲ ಅಮ್ಮ ಬಂದದ್ದು ಬೆಳಿಗ್ಗೆ 10ಕ್ಕೆ, ನಮ್ಮ ಹೊರರೋಗಿ ವಿಭಾಗದ ಹೊತ್ತಿಗೆ. ಮೂರನೇ ಸಲ ಮೊಮ್ಮಗನ ಶಾಲೆಯ ಕೆಲಸ ಬಂದು ಸಂಜೆ 4ಕ್ಕೆ ಬಂದರು. ಅವತ್ತು ಆರರಲ್ಲಿ ಎರಡೇ ಬಿಟ್ಟರು. ನಡಿಗೆ, ಮಾತು ಕೂಡ ಚುರುಕು. ಆಡಿ ಆಡಿ ರೂಢಿಯಾಗಿದೆ ಅಂದುಕೊಂಡೆ. ಹಾಗಂತ ಬರೆದೂಬಿಡುತ್ತಿದ್ದೆ. ಅನುಮಾನಕ್ಕೆ ಇನ್ನೊಂದು ಸಲ 10ಕ್ಕೆ ಕರೆದೆ. ಮತ್ತೆ ಐದು ಬಿಟ್ಟರು. ರೂಢಿಯಾಗಿದ್ದರೆ ಹಿಂದೆ ಹೋಗಬಾರದಿತ್ತು. ಸೊಸೆಯ ನೋಟ್‌ಬುಕ್ಕಿನಲ್ಲೂ ಬೆಳಗಿನ ತಪ್ಪುಗಳೇ ಜಾಸ್ತಿ.

ರಾತ್ರಿ ಏನು ತೆಗೆದುಕೊಳ್ಳುತ್ತೀರಿ ಅಂತ ಕೇಳಿದೆ. ಸಕ್ಕರೆ ಮಾತ್ರೆ, ಬಿಪಿ ಮಾತ್ರೆ ಹೇಳಿದರು. ಚೀಲ ತೆಗೆಸಿ ನೋಡಿದಾಗ ಇನ್ನೊಂದು ಸಿಕ್ಕಿತು. ಒಣಮೆಣಸಿನ ಘಾಟಿಗೆ, ಹಿಟ್ಟಿನ ಧೂಳಿಗೆ ಸೀನು ಬರುತ್ತದೆ ಅಂತ ಎರಡು ವರ್ಷದಿಂದ ದಿನಾ ರಾತ್ರಿ ಒಂದು ಅಲರ್ಜಿ ಮಾತ್ರೆ. ಮೆಡಿಕಲ್ ಶಾಪಿನಿಂದ ತಾವೇ ತರುತ್ತಿದ್ದರು. "ಅದೇನ್ ಗುಳಿಗೀರಿ, ನೆಗಡೀದು" ಅಂದರು. ಹಾಗಾಗಿಯೇ ಯಾರಿಗೂ ಹೇಳಿರಲಿಲ್ಲ. ಅದು ಕ್ಲೋರ್‌ಫೆನಿರಮೈನ್. ಹಳೆ ಕಾಲದ ಈ ಅಲರ್ಜಿ ಔಷಧ ಮಂಪರು ತರುತ್ತದೆ, ರಾತ್ರಿ ನುಂಗಿದ್ದರ ಮಂಪರು ಬೆಳಿಗ್ಗೆವರೆಗೂ ಉಳಿಯಬಹುದು. ನೆನಪು, ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸಕ್ಕೂ ಅಡ್ಡ ಬರುತ್ತದೆ. ವಯಸ್ಸಾದವರಿಗೆ ಬೇಡ ಅಂತ ಪಟ್ಟಿ ಮಾಡಿರುವ ಔಷಧಗಳಲ್ಲಿ ಇದೂ ಇದೆ.

ಇಲ್ಲಿಂದ ವಿಷಯ ಫಿಸಿಷಿಯನ್ ಕೈಗೆ ಹೋಯ್ತು. ಅವರು ಆ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು, ವಿಟಮಿನ್ ಬಿ12 ಕಡಿಮೆ ಇತ್ತು. ಅಮ್ಮ ಶುದ್ಧ ಸಸ್ಯಾಹಾರಿ, ಜೊತೆಗೆ 9 ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಎರಡೂ ಬಿ12 ಇಳಿಸುವಂಥವೇ. ಇಂಜೆಕ್ಷನ್ ಶುರುವಾಯಿತು. ಎಂಆರ್‌ಐನಲ್ಲಿ ಮಿದುಳಿನ ಸಣ್ಣ ರಕ್ತನಾಳಗಳಿಗೆ ಸಂಬಂಧಿಸಿದ ಹಳೆಯ ಗುರುತುಗಳಿದ್ದವು. ಸಕ್ಕರೆ, ಬಿಪಿ ಬಹಳ ವರ್ಷದಿಂದ ಇರುವವರಲ್ಲಿ ಇದು ಕಾಣುತ್ತದೆ. ಇದು ಮೊದಲು ಕೆಡಿಸುವುದು ಹೆಚ್ಚಾಗಿ ಕೆಲಸ ಜೋಡಿಸಿಕೊಳ್ಳುವ, ಬದಲಿಸುವ ಶಕ್ತಿಯನ್ನೇ. ಅಮ್ಮನ ಬೆರಳಿನ ಜಾಡಿಗೂ ಇದಕ್ಕೂ ತಾಳೆಯಾಗುತ್ತಿತ್ತು. ರೋಗನಿರ್ಣಯ ಮಾಡಿದ್ದು ವೈದ್ಯರು, ಆಟವಲ್ಲ. ಎಲ್ಲಿ ಹುಡುಕಬೇಕು ಅನ್ನುವುದನ್ನು ಆಟ ತೋರಿಸಿತು. ಓದುವವರಲ್ಲಿ ಯಾರಾದರೂ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತಾವಾಗಿ ನಿಲ್ಲಿಸುವ ಬದಲು ಚೀಲ ಸಮೇತ ವೈದ್ಯರಿಗೆ ತೋರಿಸಿ.

ಗಂಟೆ, ಚೀಟಿ, ಸೀಟಿ

ಮೂರು ತಿಂಗಳ ಚಿಕಿತ್ಸೆ ನಡೆಯುತ್ತಿರುವಾಗಲೇ ಆಟವನ್ನು ಇನ್ನೊಂದು ಕೆಲಸಕ್ಕೆ ಬಳಸಿದೆವು. ಏನು ಸಹಾಯ ಕೊಟ್ಟರೆ ಅಮ್ಮ ಬಿಟ್ಟಲ್ಲಿಗೆ ವಾಪಸ್ ಬರುತ್ತಾರೆ? ಮೂರು ಬಗೆ ನೋಡಿದೆವು. ಆಟದ ಮೂಲೆಯಲ್ಲಿ ಪಟ್ಟಿ ಹಾಕಿದೆವು, ಅಮ್ಮ ಅದರ ಕಡೆ ನೋಡಲೇ ಇಲ್ಲ. ಫೋನ್ ಮುಗಿದ ಕೂಡಲೇ ಒಂದು ಗಂಟೆ ಬಾರಿಸಿದೆವು, ಆರರಲ್ಲಿ ಒಂದೇ ಬಿಟ್ಟರು. ಫೋನನ್ನೇ ತೆಗೆದುಹಾಕಿದೆವು, ಒಂದೂ ಬಿಡಲಿಲ್ಲ. ಇದನ್ನು ಖಾನಾವಳಿಯಲ್ಲೇ ಪ್ರಯೋಗ ಮಾಡಿದ್ದರೆ ವಾರಗಟ್ಟಲೆ ಹಾಲು, ಸಾರು, ಮರ್ಯಾದೆ ಮೂರೂ ಹೋಗುತ್ತಿದ್ದವು.

ಅದರ ಮೇಲೆ ಮನೆಯವರ ಜೊತೆ ಕೂತು ಮಾತಾಡಿದೆವು. ಫೋನು ಮಗನ ಹತ್ತಿರ ಹೋಯ್ತು. ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಬಂತು. ಉಪ್ಪು ಹಾಕಿದ ಪಾತ್ರೆಗೆ ಸೌಟು ಅಡ್ಡ ಇಡುವುದು ಅಂತ ಅಮ್ಮನೇ ಗುರುತು ಮಾಡಿಕೊಂಡರು. ತಿಂಗಳ ಊಟದವರಿಗೆ ಕಾರ್ಡು ಬಂತು, ದುಡ್ಡು ಕೊಟ್ಟರೆ ಅದರ ಮೇಲೆ ಸಹಿ. ಮಗ ಅಮ್ಮನನ್ನು ಪೂರ್ತಿ ಮನೆಯಲ್ಲಿ ಕೂರಿಸೋಣ ಅಂತಿದ್ದರು. ನಾನು ಬೇಡ ಅಂದೆ. ಮೂರು ಟೇಬಲ್ಲಿನ ಲೆಕ್ಕ 12ಕ್ಕೆ 11 ಸರಿ ಇಡುವವರನ್ನು ಯಾಕೆ ಕೂರಿಸಬೇಕು? ಅಮ್ಮ ಬಡಿಸುವುದು, ಒಗ್ಗರಣೆ, ರೊಟ್ಟಿ ಬಿಡಲಿಲ್ಲ.

ಮಗ ಇನ್ನೊಂದು ಕೇಳಿದರು: "ಈ ಆಟ ನಮ್ಮ ಮೊಬೈಲಿಗೆ ಹಾಕಿಕೊಡ್ರಿ, ದಿನಾ ಆಡಿಸ್ತೀವಿ. ಸರಿ ಹೋಗ್ತಾರಲ್ಲ?" ತುಂಬಾ ಮನೆಗಳಲ್ಲಿ ಕೇಳುವ ಮಾತು ಇದು. ಕೊಡಲಿಲ್ಲ. ದಿನಾ ಆಡಿದರೆ ಆ ಆಟ ಚೆನ್ನಾಗಿ ಬರುತ್ತದೆ. ಒಲೆ ಮುಂದೆ ಅದರಿಂದ ಅಷ್ಟೇ ಲಾಭ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಮೇಲಾಗಿ ಅಳತೆಗೋಲೇ ಸವೆದುಹೋಗುತ್ತದೆ.

ಮೂರು ತಿಂಗಳ ಮೇಲೆ ಬೇರೆ ಅಡುಗೆ, ಬೇರೆ ಅಡ್ಡಿಗಳಿರುವ ಇನ್ನೊಂದು ಆವೃತ್ತಿ ಕೊಟ್ಟೆವು. ಬೆಳಿಗ್ಗೆ ಆರರಲ್ಲಿ ಮೂರು, ಸಂಜೆ ಎರಡು ಬಿಟ್ಟರು. ಬೆಳಿಗ್ಗೆಗೂ ಸಂಜೆಗೂ ಇದ್ದ ಆ ದೊಡ್ಡ ಅಂತರ ಹೋಗಿತ್ತು. ಉಳಿದ ಕೊರತೆ ಉಳಿಯಿತು. ಸೊಸೆಯ ನೋಟ್‌ಬುಕ್ಕಿನಲ್ಲಿ ವಾರಕ್ಕೆ ಒಂಬತ್ತರಷ್ಟು ಇದ್ದ ತಪ್ಪು ಮೂರಕ್ಕೆ ಇಳಿದಿತ್ತು. ಇದರಲ್ಲಿ ಮಾತ್ರೆ ನಿಂತದ್ದು ಎಷ್ಟು, ಬಿ12 ಎಷ್ಟು, ಕುಕ್ಕರ್ ಸೀಟಿ ಎಷ್ಟು ಅಂತ ಬಿಡಿಸಿ ಹೇಳಲಾರೆ. ಎಲ್ಲ ಒಟ್ಟಿಗೆ ಮಾಡಿದೆವು. ಗ್ಯಾಸ್ ಉರಿಯುತ್ತಾ ಬಿಟ್ಟ ಮನೆಯಲ್ಲಿ ಒಂದೊಂದಾಗಿ ಮಾಡಿ ನೋಡುವಷ್ಟು ಸಮಯ ಇರಲಿಲ್ಲ.

ಈಗ ಆರು ತಿಂಗಳಿಗೊಮ್ಮೆ ಬರುತ್ತಾರೆ, ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ. ಹೋದ ಸಲ ಆಟ ಮುಗಿಸಿ ಟ್ಯಾಬ್ಲೆಟ್ ಕೈಗೆ ಕೊಡುತ್ತಾ ಅಮ್ಮ ಅಂದರು: "ಇದ್ರಾಗ ಒಂದು ತಪ್ಪೈತಿ ನೋಡ್ರಿ. ಎಷ್ಟೊತ್ತಾದ್ರೂ ರೊಟ್ಟಿ ಆರಂಗೇ ಇಲ್ಲ. ನಮ್ಮ ಗಿರಾಕಿ ಆರಿದ ರೊಟ್ಟಿ ಮುಟ್ಟಲ್ಲ. ಅದಕ್ಕೇ ನಾನು ಹಾಲು ಬಿಟ್ಟು ರೊಟ್ಟಿ ಕಡೀಗೆ ಓಡೋದು." ಅವರು ಹಾಲಿಗೆ ವಾಪಸ್ ಬರದ ಕೆಲವು ಸಲ ಬೆರಳು ರೊಟ್ಟಿಯ ಮೇಲೇ ಇದ್ದದ್ದು ದಾಖಲೆಯಲ್ಲಿತ್ತು. ನಾನು ಅದನ್ನೂ ಬಿಟ್ಟುಹೋದ ಕೆಲಸದ ಲೆಕ್ಕಕ್ಕೇ ಹಾಕಿದ್ದೆ. ಆ ಓಟಗಳನ್ನೆಲ್ಲ ಮತ್ತೆ ತೆರೆದು ಕೂತಿದ್ದೇನೆ. ರೊಟ್ಟಿ ಆರುವಂತೆ ಮಾಡಲು ವಿದ್ಯಾರ್ಥಿಗೆ ಹೇಳಿದ್ದೇನೆ. ಎಷ್ಟು ನಿಮಿಷಕ್ಕೆ ಆರಬೇಕು ಅನ್ನುವುದನ್ನು ಅಮ್ಮನನ್ನೇ ಕೇಳಿ ಬರೆದುಕೊಂಡಿದ್ದೇವೆ.